ಹಳೆಯ ಓಮ್ನಿಗೆ ಯಾವ ಗೇರ್ ಆಯಿಲ್?

1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗಿಳಿದು 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯಲ್ಲಿ ಅದರ ದುಡಿಮೆ ಮಾತ್ರ ಇನ್ನೂ ಮುಗಿದಿಲ್ಲ. ಶಾಲೆಯ ಮಕ್ಕಳು, ಸಂತೆಯ ಸರಕು, ಮದುವೆಯ ಮಂದಿ, ರೈಲಿಲ್ಲದ ಚಿಂಚೋಳಿಯಿಂದ ಕಲಬುರಗಿ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲರ ಭಾರವನ್ನೂ ಅದು ಹೊರುತ್ತದೆ. ಇಂಥ ಗಾಡಿಯ ಎಂಜಿನ್ ಆಯಿಲ್ ಬದಲಿಸುವುದನ್ನು ಮಾಲೀಕರು ಮರೆಯುವುದಿಲ್ಲ. ಗೇರ್‌ಬಾಕ್ಸಿನ ಆಯಿಲ್ ನೆನಪಾಗುವುದು ‘ಗೇರ್ ಬೀಳವಲ್ದು’ ಎಂದಾಗಲೇ. ಆಗ ಅಂಗಡಿಯಲ್ಲಿ ಮೊದಲು ಏಳುವ ಪ್ರಶ್ನೆ ಸಿಂಥೆಟಿಕ್ ಬೇಕೋ, ಸಾದಾ ಸಾಕೋ ಎಂಬುದು. ಆದರೆ ಅದು ಎರಡನೆಯ ಪ್ರಶ್ನೆ. ಆ ಆಯಿಲ್ ಯಾವ ಹಲ್ಲಿಗೆ ಹೊಂದುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರಗಳು. ಹಾಗಾಗಿ ಆಯಿಲ್ ಬೇಡುವ ಜಾಗಗಳು ಎರಡು: ನಡುವಿನ ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್. ಡಿಫರೆನ್ಷಿಯಲ್ಲಿನ ಕ್ರೌನ್, ಪಿನಿಯನ್ ಹಲ್ಲುಗಳು ಉರುಳುತ್ತಲೇ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಬರಿಯ ಎಣ್ಣೆಯ ಪದರ ನಿಲ್ಲುವುದಿಲ್ಲ. ಗಂಧಕ, ರಂಜಕದ ಸಂಯುಕ್ತಗಳನ್ನು ಹೆಚ್ಚಾಗಿ ಬೆರೆಸಿದ ಜಿಎಲ್-5 ದರ್ಜೆಯ ಆಯಿಲ್ ಅಲ್ಲಿಗೆ ತಕ್ಕದ್ದು. ಗೇರ್‌ಬಾಕ್ಸಿನ ಸಂಗತಿ ಬೇರೆ. ಗೇರ್ ಬದಲಿಸುವಾಗ ವೇಗ ಸರಿದೂಗಿಸುವ ಸಿಂಕ್ರೊ ರಿಂಗುಗಳು ಸಾಮಾನ್ಯವಾಗಿ ಹಿತ್ತಾಳೆಯವು, ಅವು ಕೆಲಸ ಮಾಡುವುದೇ ಒಂದಿಷ್ಟು ಘರ್ಷಣೆಯ ಬಲದಿಂದ. ಅಲ್ಲಿಗೂ ಜಿಎಲ್-5 ಸುರಿದರೆ ಬಿಸಿಯಾದಾಗ ಅದರ ಗಂಧಕ ಹಿತ್ತಾಳೆಯನ್ನು ತಿನ್ನಬಹುದು, ರಿಂಗಿನ ಹಿಡಿತವೂ ಸಡಿಲಾಗಬಹುದು. ಅಂಥ ಸಂಯುಕ್ತಗಳು ಹೆಚ್ಚುಕಡಿಮೆ ಅರ್ಧದಷ್ಟಿರುವ ಜಿಎಲ್-4 ಇಲ್ಲಿಗೆ ಸರಿ. ‘5 ಅಂದರೆ 4ಕ್ಕಿಂತ ಮೇಲಲ್ಲವೇ’ ಎಂದು ಕೇಳುವವರಿದ್ದಾರೆ. ಈ ಅಂಕಿ ಎಂಥ ಕೆಲಸಕ್ಕೆ ಎಂಬುದನ್ನು ಹೇಳುತ್ತದೆಯೇ ಹೊರತು ಯಾವುದು ಶ್ರೇಷ್ಠ ಎಂಬುದನ್ನಲ್ಲ. ಹಿತ್ತಾಳೆಗೆ ಹಾನಿ ಮಾಡದ ಜಿಎಲ್-5 ಆಯಿಲ್‌ಗಳು ಈಗ ಇವೆ, ನಿಜ. ಆದರೆ ಸಿಂಕ್ರೊ ಗೇರ್‌ಬಾಕ್ಸಿಗೂ ಆಗುತ್ತದೆಂದು ಡಬ್ಬಿಯ ಮೇಲೆ ಬರೆದಿರಬೇಕು. ಗಾಡಿಯ ಜೊತೆ ಬಂದ ಪುಸ್ತಕದ ಮಾತೇ ಕೊನೆಯ ಮಾತು.

ದರ್ಜೆ ನಿಕ್ಕಿಯಾದ ಮೇಲೆ ಸಿಂಥೆಟಿಕ್ ವಿಚಾರ. ಸಿಂಥೆಟಿಕ್‌ನಲ್ಲಿ ಹೆಚ್ಚಾಗಿ 75ಡಬ್ಲ್ಯು-90, ಸಾದಾ ಆಯಿಲ್‌ನಲ್ಲಿ 80ಡಬ್ಲ್ಯು-90 ಸಿಗುತ್ತದೆ. ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು: 75ಡಬ್ಲ್ಯು ಅನ್ನು ಮೈನಸ್ 40 ಡಿಗ್ರಿಯಲ್ಲಿ, 80ಡಬ್ಲ್ಯು ಅನ್ನು ಮೈನಸ್ 26 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಸೀಮೆಗೆ ಆ ಚಳಿಯ ಲೆಕ್ಕವೇ ಬೇಕಿಲ್ಲ. ಎರಡರಲ್ಲೂ ಇರುವ 90 ಎಂಬ ಅಂಕಿ ಬಿಸಿಯಲ್ಲಿನ ಮಂದತೆಯದು. 100 ಡಿಗ್ರಿಯಲ್ಲಿ ಎರಡೂ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗಿರಬೇಕು. ಅಂದರೆ ಸಿಂಥೆಟಿಕ್ ಬಿಸಿಲಲ್ಲಿ ಹೆಚ್ಚು ಮಂದವಾಗಿರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅದರ ನಿಜವಾದ ಲಾಭ ಬಾಳಿಕೆಯಲ್ಲಿದೆ. ಬಿಸಿ 10 ಡಿಗ್ರಿ ಏರಿದರೆ ಆಯಿಲ್ ಕೆಡುವ ವೇಗ ಸುಮಾರು ಎರಡುಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಒಳ್ಳೆಯ ಸಿಂಥೆಟಿಕ್ ಈ ಕೆಡುವಿಕೆಯನ್ನು ಹೆಚ್ಚು ಕಾಲ ತಡೆಯುತ್ತದೆ. ದಿನವಿಡೀ ತುಂಬಿದ ಗಾಡಿ ಓಡಿಸುವವರಿಗೆ ಅದು ದುಡ್ಡಿಗೆ ಮೋಸವಿಲ್ಲದ ಆಯ್ಕೆ. ವಾರಕ್ಕೊಮ್ಮೆ ಹೊರಡುವ ಗಾಡಿಗೆ ಸಾದಾ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು. ಕಚ್ಚಾ ತೈಲವನ್ನೇ ಹೆಚ್ಚು ಸಂಸ್ಕರಿಸಿ ಮಾಡಿದ್ದನ್ನೂ ಸಿಂಥೆಟಿಕ್ ಎಂದು ಕರೆಯುವುದಕ್ಕೆ ಅಮೆರಿಕದ ಜಾಹೀರಾತು ಪರಿಶೀಲನಾ ಸಂಸ್ಥೆ 1999ರಲ್ಲೇ ಒಪ್ಪಿದೆ. ಆದ್ದರಿಂದ ಆ ಒಂದು ಪದವನ್ನೇ ನಂಬಿ ದುಬಾರಿ ಬೆಲೆ ಕೊಡಬೇಕಿಲ್ಲ.

ಯಾವಾಗ ಬದಲಿಸಬೇಕು ಎಂಬುದನ್ನು ಇಲ್ಲಿ ಕಿಲೋಮೀಟರ್ ಒಂದೇ ಹೇಳಲಾರದು. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಗಳ ದೂಳು ಗೇರ್‌ಬಾಕ್ಸ್ ಉಸಿರಾಡುವ ಸಣ್ಣ ರಂಧ್ರವನ್ನು, ಅಂದರೆ ಬ್ರೀದರನ್ನು, ಮುಚ್ಚುತ್ತದೆ. ಒಳಗಿನ ಬಿಸಿಗಾಳಿಗೆ ದಾರಿ ಇಲ್ಲದಾದಾಗ ಅದು ಸೀಲಿನ ಅಂಚಿನಿಂದ ಆಯಿಲನ್ನು ಹೊರದಬ್ಬುತ್ತದೆ. ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡ, ದಂಡೋತಿಯ ಸೇತುವೆಗಳು ಮುಳುಗುವುದು ಈ ಭಾಗಕ್ಕೆ ಹೊಸದಲ್ಲ; ನೀರು ಇಳಿಯುತ್ತಿರುವ ಹಳ್ಳಗಳನ್ನು ದಾಟುವ ಗಾಡಿಗಳಿಗೆ ಲೆಕ್ಕವಿಲ್ಲ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಬಿಚ್ಚಿದಾಗ ಆಯಿಲ್ ಹಾಲು ಬೆರೆತ ಚಹಾದ ಬಣ್ಣದಲ್ಲಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಮೀಟರ್ ಎಷ್ಟೇ ತೋರಿಸಲಿ, ಅಂದೇ ಬದಲಿಸಬೇಕು. ಮಳೆಗಾಲ ಮುಗಿದೊಡನೆ ಒಮ್ಮೆ ಬಿಚ್ಚಿ ನೋಡುವುದನ್ನು ಈ ಸೀಮೆಯವರು ರೂಢಿ ಮಾಡಿಕೊಳ್ಳಲೇಬೇಕು. ಗಾಡಿಯನ್ನು ಸ್ವಲ್ಪ ಓಡಿಸಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಆಯಿಲ್ ತುಂಬುವ ಮೇಲಿನ ಬೋಲ್ಟನ್ನೇ ಮೊದಲು ಬಿಚ್ಚಬೇಕು. ಕೆಳಗಿನದನ್ನು ಬಿಚ್ಚಿ ಖಾಲಿ ಮಾಡಿದ ಮೇಲೆ ತುಕ್ಕು ಹಿಡಿದ ಮೇಲಿನ ಬೋಲ್ಟ್ ಅಲುಗದಿದ್ದರೆ ಗಾಡಿ ಅಲ್ಲೇ ನಿಂತಂತೆ. ಹೊಸ ವಾಷರ್ ಹಾಕಿ, ಮೇಲಿನ ತೂತಿನ ಅಂಚಿನಿಂದ ಹೊರಜಿನುಗುವವರೆಗೆ ಆಯಿಲ್ ತುಂಬಬೇಕು. ಹಳೆಯ ಆಯಿಲಿನಲ್ಲಿ ನುಣ್ಣನೆಯ ಬೂದು ಕೆಸರು ಕಂಡರೆ ಅದು ವಯಸ್ಸಿನ ಸವೆತ. ಲೋಹದ ಚೂರು ಕೈಗೆ ಸಿಕ್ಕರೆ ಆಯಿಲ್ ಬದಲಿಸಿದ ಮಾತ್ರಕ್ಕೆ ರೋಗ ವಾಸಿಯಾಗದು.

‘ಹಳೆ ಗಾಡಿಯ ಆಯಿಲ್ ಮುಟ್ಟಿದರೆ ಗೇರ್‌ಬಾಕ್ಸೇ ಹೋಗುತ್ತದೆ’ ಎಂಬ ಭಯ ಹಲವರಿಗಿದೆ. ಹಾಗೆ ಕೆಟ್ಟ ಗೇರ್‌ಬಾಕ್ಸುಗಳು ಹೆಚ್ಚಾಗಿ ಮೊದಲೇ ಸವೆದಿದ್ದವು. ಗೇರ್ ಕರಕರ ಎಂದ ಮೇಲೆಯೇ ಜನ ಆಯಿಲ್ ಬದಲಿಸುವುದರಿಂದ ತಪ್ಪು ಹೊಸ ಆಯಿಲಿನ ತಲೆಗೆ ಕಟ್ಟಿಕೊಳ್ಳುತ್ತದೆ. ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ದೂರಿನಲ್ಲಿ ಮಾತ್ರ ಒಂದಿಷ್ಟು ನಿಜವಿದೆ. ಹಳೆಯ ರಬ್ಬರ್ ಸೀಲುಗಳು ಬಿರುಸಾಗಿ ಬಿರುಕು ಬಿಟ್ಟಿರುತ್ತವೆ. ಅಲ್ಲಿ ಗಟ್ಟಿಕಟ್ಟಿದ್ದ ಕೊಳೆಯನ್ನು ಹೊಸ ಆಯಿಲ್ ತೊಳೆದಾಗ ಸೋರಿಕೆ ಬಯಲಾಗುತ್ತದೆ. ಗಾಡಿಯ ಕೆಳಗಿನ ನೆಲದಲ್ಲಿ ಈಗಾಗಲೇ ಕಲೆ ಬೀಳುತ್ತಿದ್ದರೆ, ಸಿಂಥೆಟಿಕ್ಕಿಗೆ ಕೊಡಬೇಕೆಂದಿದ್ದ ಹೆಚ್ಚಿನ ಹಣ ಮೊದಲು ಸೀಲಿಗೆ ಹೋಗಲಿ.