ಗಿರಾಕಿಯೇ ಗೋದಾಮು: ಅಂತರ್ಜಾಲದಲ್ಲಿ ಸಂಗೀತ ವಿತರಣೆಯ ಒಂದು ಮಾರ್ಗ

ಗಿರಾಕಿಗಳು ಹೆಚ್ಚಿದಂತೆ ಸಾಗಣೆ ವೆಚ್ಚವೂ ಹೆಚ್ಚುವುದು ವ್ಯಾಪಾರದ ಸಾಮಾನ್ಯ ನಿಯಮ. ಅಂತರ್ಜಾಲದ ಮೂಲಕ ಹಾಡು, ಚಲನಚಿತ್ರಗಳನ್ನು ವಿತರಿಸುವವರೂ ಇದಕ್ಕೆ ಹೊರತಲ್ಲ. ಸರ್ವರ್‌ನಿಂದ ಹೊರಡುವ ಒಂದೊಂದು ಪ್ರತಿಗೂ ಬ್ಯಾಂಡ್‌ವಿಡ್ತ್ ವೆಚ್ಚ ತಗಲುತ್ತದೆ. 2001ರಲ್ಲಿ ಅಮೆರಿಕದ ಬ್ರ್ಯಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಈ ಲೆಕ್ಕವನ್ನೇ ಬದಲಿಸಿತು. ಇದರಲ್ಲಿ ಕಡತವನ್ನು ಸಣ್ಣ ತುಣುಕುಗಳಾಗಿ ವಿಭಜಿಸಲಾಗುತ್ತದೆ. ಒಂದು ತುಣುಕನ್ನು ಪಡೆದ ಕಂಪ್ಯೂಟರ್, ಉಳಿದವು ಬರುತ್ತಿರುವಾಗಲೇ ಅದನ್ನು ಇತರರಿಗೆ ರವಾನಿಸುತ್ತದೆ. ಹೀಗಾಗಿ ಪಡೆಯುವವರು ಹೆಚ್ಚಿದಂತೆ ಕೊಡುವವರೂ ಹೆಚ್ಚುತ್ತಾರೆ.

ಕೃತಿಚೌರ್ಯದಿಂದಾಗಿ ಈ ವಿಧಾನಕ್ಕೆ ಅಪಕೀರ್ತಿ ಬಂದಿದೆ. ಆದರೆ ಅಕ್ರಮವಾದುದು ಅನುಮತಿಯಿಲ್ಲದ ಸರಕಿನ ಹಂಚಿಕೆಯೇ ಹೊರತು ತಂತ್ರವಲ್ಲ. ಸ್ವೀಡನ್ನಿನ ಸ್ಪಾಟಿಫೈ ಸಂಸ್ಥೆಯು 2008ರಲ್ಲಿ ಪರವಾನಗಿ ಪಡೆದ ಸಂಗೀತವನ್ನು ಇದೇ ತತ್ತ್ವದ, ತನ್ನದೇ ಆದ ಜಾಲದ ಮೂಲಕ ಒದಗಿಸಲಾರಂಭಿಸಿತು. 2010ರಲ್ಲಿ ಪ್ರಕಟವಾದ ಅಳತೆಯಂತೆ, ಕೇಳುಗರಿಗೆ ತಲುಪಿದ ಸಂಗೀತದಲ್ಲಿ ಸಂಸ್ಥೆಯ ಸರ್ವರ್‌ಗಳಿಂದ ಬಂದದ್ದು ಶೇ. 8.8 ಮಾತ್ರ! ಶೇ. 35.8 ಇತರ ಕೇಳುಗರ ಕಂಪ್ಯೂಟರುಗಳಿಂದ ಬಂದಿತ್ತು; ಉಳಿದದ್ದು ಅವರವರ ಕಂಪ್ಯೂಟರಿನಲ್ಲಿಯೇ ಮೊದಲು ಸಂಗ್ರಹವಾಗಿದ್ದುದು.

ಹೀಗೆ ಉಳಿತಾಯವಾದ ಸಾಗಣೆಯ ಹೊರೆಯನ್ನು ಗಿರಾಕಿಯ ಅಂತರ್ಜಾಲ ಸಂಪರ್ಕವೇ ಹೊರುತ್ತಿತ್ತೆಂಬುದನ್ನು ವ್ಯಾಪಾರಸ್ಥರು ಗಮನಿಸತಕ್ಕದ್ದು. ಮೊಬೈಲ್ ಫೋನುಗಳನ್ನಂತೂ ಈ ಜಾಲದಲ್ಲಿ ಸೇರಿಸಿರಲಿಲ್ಲ. ಸ್ವಂತ ಸರ್ವರ್‌ಗಳು ಸಾಕಷ್ಟಾದ ಮೇಲೆ, 2014ರಲ್ಲಿ ಸಂಸ್ಥೆಯು ಈ ವ್ಯವಸ್ಥೆಯನ್ನು ಕೈಬಿಡತೊಡಗಿತು.

ತಮ್ಮ ಯಂತ್ರಗಳ ಬಳಕೆ ಕುರಿತ ವಿಡಿಯೊ ಹಂಚಬಯಸುವ ಸಣ್ಣ ಉದ್ಯಮಿಗಳಿಗೆ ಈ ಮಾರ್ಗದಿಂದ ಹೆಚ್ಚಿನ ಲಾಭವಿಲ್ಲ. ಏಕಕಾಲದಲ್ಲಿ ಪಡೆಯುವವರು ನಾಲ್ಕಾರು ಮಂದಿಯಷ್ಟೇ ಇದ್ದಲ್ಲಿ, ಬಹುಪಾಲು ಹೊರೆ ಉದ್ಯಮಿಯ ಕಂಪ್ಯೂಟರಿನ ಮೇಲೆಯೇ ಬೀಳುತ್ತದೆ. ಅದನ್ನು ಆರಿಸಿದರೆ ವಿತರಣೆಯೂ ನಿಂತೀತು.