ಓಡುವಾಗ ನಾಡಿ ಏನು ಹೇಳುತ್ತದೆ?

ಧಾರವಾಡದ ಸಪ್ತಾಪುರವೆಂದರೆ ಓದುವವರ ಬಡಾವಣೆ. ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ತಯಾರಾಗಲು ಊರೂರುಗಳಿಂದ ಬಂದ ಯುವಕ ಯುವತಿಯರು ಇಲ್ಲಿ ಕೋಣೆ ಹಿಡಿದು ಇರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬಯಸುವ ಹುಡುಗರಿಗೆ ಪುಸ್ತಕ ಓದಿದರಷ್ಟೇ ಸಾಲದು, 1600 ಮೀಟರ್ ಓಟದಲ್ಲೂ ಪಾಸಾಗಬೇಕು. ಹಾಗಾಗಿ ಬೆಳಕು ಹರಿಯುವ ಮೊದಲೇ ಹಲವರು ಮೈದಾನಕ್ಕೆ ಇಳಿಯುತ್ತಾರೆ.

ಇಬ್ಬರು ಗೆಳೆಯರು ಹೀಗೆ ಅಭ್ಯಾಸ ಮಾಡುತ್ತಿದ್ದಾರೆ ಎಂದುಕೊಳ್ಳೋಣ. ಮೊದಲನೆಯವನು ದಿನಾಲೂ ಏದುಸಿರು ಬರುವಂತೆ ಜೋರಾಗಿ ಓಡುತ್ತಾನೆ. ಎರಡನೆಯವನು ವಾರದ ಹೆಚ್ಚಿನ ದಿನ ನಿಧಾನವಾಗಿ ಬಹಳ ಹೊತ್ತು ಓಡುತ್ತಾನೆ, ಒಂದೆರಡು ದಿನ ಮಾತ್ರ ಜೋರಾಗಿ ಓಡುತ್ತಾನೆ. ಯಾರ ಅಭ್ಯಾಸ ಸರಿ? ಮೊದಲನೆಯವನದೇ ಎಂದು ಬಹಳ ಮಂದಿ ಹೇಳುತ್ತಾರೆ. ಆದರೆ ಹೃದಯವನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ!

ಹೃದಯವೆಂಬ ಪಂಪು

ಹೃದಯ ಒಂದು ಸ್ನಾಯುವಿನ ಪಂಪು. ವಿಶ್ರಾಂತಿಯಲ್ಲಿರುವ ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಹಾ ಗ್ಲಾಸಿನಷ್ಟು ರಕ್ತವನ್ನು ಹೊರದೂಡುತ್ತದೆ. ನಿಮಿಷಕ್ಕೆ 70 ಬಾರಿ ಬಡಿದರೆ 70 × 70 = 4900 ಮಿಲಿಲೀಟರ್. ಅಂದರೆ ಹೆಚ್ಚುಕಡಿಮೆ 5 ಲೀಟರ್ ರಕ್ತ!

ಓಡತೊಡಗಿದೊಡನೆ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಬೇಡುತ್ತವೆ. ಆಮ್ಲಜನಕವನ್ನು ಹೊತ್ತು ತರುವುದು ರಕ್ತ. ಆದ್ದರಿಂದ ಹೃದಯ ಬೇಗ ಬೇಗ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಅಪಧಮನಿಯ ಗೋಡೆ ಉಬ್ಬಿ ಇಳಿಯುತ್ತದೆ. ಮಣಿಕಟ್ಟಿನಲ್ಲಿ ಬೆರಳಿಗೆ ಸಿಗುವ ನಾಡಿಮಿಡಿತ ಇದೇ.

ನಿಧಾನವಾಗಿ ಓಡುವುದೇಕೆ?

ತೀರ ಜೋರಾಗಿ ಓಡಿದರೆ ಸ್ನಾಯುಗಳ ಬೇಡಿಕೆಯಷ್ಟು ಆಮ್ಲಜನಕ ತಲುಪುವುದಿಲ್ಲ. ಆಗ ಸ್ನಾಯುಗಳು ಆಮ್ಲಜನಕವಿಲ್ಲದೆಯೇ ಒಂದಿಷ್ಟು ಶಕ್ತಿಯನ್ನು ಪಡೆಯುತ್ತವೆ. ಆದರೆ ಈ ದಾರಿ ಬಹಳ ಹೊತ್ತು ನಡೆಯದು, ಬೇಗ ದಣಿವಾಗುತ್ತದೆ. ದಿನಾಲೂ ಹೀಗೆ ಓಡಿದರೆ ದಣಿವು ಆರುವ ಮೊದಲೇ ಮತ್ತೆ ದಣಿಯುತ್ತೇವೆ.

ಹಿತವಾದ ವೇಗದಲ್ಲಿ ಬಹಳ ಹೊತ್ತು ಓಡಿದಾಗ ದೇಹ ಮೆಲ್ಲನೆ ಬದಲಾಗುತ್ತದೆ. ಸ್ನಾಯುಗಳಲ್ಲಿ ಕೂದಲಿಗಿಂತ ತೆಳುವಾದ ಹೊಸ ರಕ್ತನಾಳಗಳು ಬೆಳೆಯುತ್ತವೆ. ಜೀವಕೋಶಗಳ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡಲು ಕಲಿಯುತ್ತದೆ. ಬಡಿತಕ್ಕೆ 100 ಮಿಲಿಲೀಟರ್ ದೂಡುವ ಹೃದಯ ವಿಶ್ರಾಂತಿಯಲ್ಲಿ 50 ಬಾರಿ ಬಡಿದರೂ ಅದೇ 5 ಲೀಟರ್ ಆಯಿತಲ್ಲವೆ? ಆದ್ದರಿಂದಲೇ ನುರಿತ ದೂರದ ಓಟಗಾರರ ನಾಡಿ ಕುಳಿತಾಗ ನಿಧಾನವಾಗಿರುತ್ತದೆ.

ಜೋರಾದ ಓಟವೂ ಬೇಕು. ಆದರೆ ಅದು ಊಟದಲ್ಲಿ ಉಪ್ಪಿನಕಾಯಿಯಂತೆ, ಸ್ವಲ್ಪ ಸಾಕು.

ಎಷ್ಟು ಬಡಿತ ಹಿತ?

ದೊಡ್ಡವರ ಹೃದಯದ ಗರಿಷ್ಠ ಬಡಿತವನ್ನು ಅಂದಾಜು ಮಾಡಲು ಒಂದು ಲೆಕ್ಕವಿದೆ. ವಯಸ್ಸನ್ನು 0.7ರಿಂದ ಗುಣಿಸಿ, ಬಂದದ್ದನ್ನು 208ರಿಂದ ಕಳೆಯಬೇಕು. 22 ವರ್ಷದವನಿಗೆ ಇದು ಸುಮಾರು 193. ಇದರ ಶೇಕಡಾ 60ರಿಂದ 75, ಅಂದರೆ 116ರಿಂದ 145ರವರೆಗಿನ ಬಡಿತ ಹಿತವಾದ ಓಟದ್ದು. ಇದು ಸರಾಸರಿ ಲೆಕ್ಕ ಮಾತ್ರ. ಒಬ್ಬೊಬ್ಬರಲ್ಲಿ ಹತ್ತಕ್ಕೂ ಮಿಕ್ಕಿ ಹೆಚ್ಚುಕಡಿಮೆ ಇರಬಹುದು. ನಿಮ್ಮಂಥ ಮಕ್ಕಳಲ್ಲಿ ಗರಿಷ್ಠ ಬಡಿತ ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿರುತ್ತದೆ.

ಲೆಕ್ಕ ಬೇಡವೆನ್ನುವವರಿಗೆ ಇನ್ನೊಂದು ಉಪಾಯವಿದೆ. ಓಡುತ್ತಾ ಏಳರ ಮಗ್ಗಿ ಹೇಳಿ. ತಡೆಯಿಲ್ಲದೆ ಹೇಳಲು ಬಂದರೆ ವೇಗ ಹಿತವಾಗಿದೆ. ‘ಏಳೊಂದ್ಲಿ ಏಳು’ ಎನ್ನುವಷ್ಟರಲ್ಲೇ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತು!

ಬಡಿತ ಎಣಿಸುವ ಗಡಿಯಾರ

ಫಿನ್ಲೆಂಡ್ ದೇಶದ ಪೋಲಾರ್ ಕಂಪನಿಯು 1982ರಲ್ಲಿ ಓಡುವಾಗಲೇ ಬಡಿತ ತೋರಿಸುವ ತಂತಿಯಿಲ್ಲದ ಸಾಧನವನ್ನು ತಂದಿತು. ಪ್ರತಿ ಬಡಿತದಲ್ಲೂ ಹೃದಯದಲ್ಲಿ ಬಹಳ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಎದೆಗೆ ಕಟ್ಟಿದ ಪಟ್ಟಿ ಅದನ್ನು ಹಿಡಿದು ಕೈಗಡಿಯಾರಕ್ಕೆ ಕಳಿಸುತ್ತದೆ. ಈಗಿನ ಅನೇಕ ಗಡಿಯಾರಗಳ ತಳದಲ್ಲಿ ಹಸಿರು ದೀಪವಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಬಡಿತಕ್ಕೊಮ್ಮೆ ಚರ್ಮದಡಿ ರಕ್ತ ಹೆಚ್ಚಿದಾಗ ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನೇ ಗಡಿಯಾರ ಎಣಿಸುತ್ತದೆ. ಅದು ಸಡಿಲವಾಗಿದ್ದರೆ ಲೆಕ್ಕ ತಪ್ಪಬಹುದು.

ಗಡಿಯಾರವಿಲ್ಲದ ಕಾಲದಲ್ಲಿ

ಇಂಥ ಸಾಧನ ಇಲ್ಲದೆಯೂ ನಮ್ಮವರು ದೂರ ಓಡಿದ್ದಾರೆ. ಧಾರವಾಡದ ಪಕ್ಕದ ಜಿಲ್ಲೆ ಬೆಳಗಾವಿಯ ಫಡೆಪ್ಪ ಚೌಗುಲೆ 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾದರು. ಆ ವರ್ಷದ ದಾರಿ 42.75 ಕಿಲೋಮೀಟರ್. ಅವರಿಗೆ ಹಿಡಿದ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಭಾಗಿಸಿ ನೋಡಿ: ಕಿಲೋಮೀಟರಿಗೆ ಸುಮಾರು 4 ನಿಮಿಷ! ಇದೇ ವೇಗದಲ್ಲಿ 1600 ಮೀಟರಿಗೆ ಆರೂವರೆ ನಿಮಿಷವೂ ಬೇಡ. ಅಂಥ 26 ಓಟಗಳನ್ನು ನಿಲ್ಲದೆ ಓಡಿ, ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ಓಡಿದಂತಾಯಿತು. ಅವರ ಹೃದಯ ನಿಮಿಷಕ್ಕೆ 160 ಬಾರಿ ಬಡಿದಿತ್ತು ಎಂದುಕೊಂಡರೂ 170 ನಿಮಿಷಕ್ಕೆ 27,200 ಬಡಿತಗಳು!

ಮಾಡಿ ನೋಡಿ

ಬೇಕಾದದ್ದು: ಸೆಕೆಂಡ್ ಮುಳ್ಳಿನ ಗಡಿಯಾರ, ಪುಸ್ತಕ, ಪೆನ್ಸಿಲ್.

1. ಅಂಗೈ ಮೇಲೆ ಮಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳು ಮೆಲ್ಲಗೆ ಒತ್ತಿ. ಹೆಬ್ಬೆರಳಿನಿಂದ ಒತ್ತಬೇಡಿ; ಅದರದೇ ಮಿಡಿತ ಲೆಕ್ಕ ತಪ್ಪಿಸಬಹುದು.
2. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ, ಬರೆದುಕೊಳ್ಳಿ.
3. ಎರಡು ನಿಮಿಷ ಹಗುರವಾಗಿ ಓಡಿ ನಿಂತೊಡನೆ ಎಣಿಸಿ. ತಡಮಾಡಿದರೆ ಬಡಿತ ಇಳಿದುಬಿಡುತ್ತದೆ.
4. ಒಂದು ನಿಮಿಷ ಸುಮ್ಮನೆ ನಿಂತು ಮತ್ತೆ ಎಣಿಸಿ. ಎಷ್ಟು ಇಳಿಯಿತು?

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಇದನ್ನು ಮಾಡಿ. ದಿನವೂ ಆಡುತ್ತ ಓಡುತ್ತ ಇದ್ದರೆ ಕೆಲವು ತಿಂಗಳಲ್ಲಿ ನಾಡಿ ಬೇಗ ಇಳಿಯುವುದನ್ನು ಕಾಣಬಹುದು. ಬಿಸಿಲಿನಲ್ಲಿ ಬಡಿತ ಹೆಚ್ಚುತ್ತದೆ. ಮೈ ತಂಪಾಗಿಡಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕಲ್ಲ! ನಿದ್ದೆಗೆಟ್ಟಾಗ, ಜ್ವರ ಬರುವಾಗಲೂ ಹೆಚ್ಚಬಹುದು. ಬೆಳಿಗ್ಗೆ ಎದ್ದಾಗಲೇ ಎಂದಿಗಿಂತ ಹತ್ತು ಬಡಿತ ಹೆಚ್ಚಿದ್ದರೆ ಆ ದಿನ ಓಟ ಬೇಡ, ವಿಶ್ರಾಂತಿ ಇರಲಿ.

ಓಡುವಾಗ ಎದೆನೋವು ಬಂದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿ, ಗುರುಗಳಿಗೆ ಹೇಳಿ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಓಡಬಾರದು.

ಇನ್ನೊಂದು ಮಾತು. ಗೆಳೆಯನ ನಾಡಿ 76, ನಿಮ್ಮದು 90 ಎಂದು ಬೇಸರಪಡಬೇಡಿ. ಒಬ್ಬೊಬ್ಬರ ಹೃದಯ ಒಂದೊಂದು ಬಗೆ. ನಿಮ್ಮ ಇಂದಿನ ಲೆಕ್ಕವನ್ನು ಹೋಲಿಸಬೇಕಾದದ್ದು ನಿಮ್ಮದೇ ಹಿಂದಿನ ಲೆಕ್ಕದೊಡನೆ.

ಈಗ ಹೇಳಿ, ಆ ಇಬ್ಬರು ಗೆಳೆಯರಲ್ಲಿ ಯಾರ ಅಭ್ಯಾಸ ಸರಿ?