ಥ್ಯಾಂಕ್ಸ್‌ಗಿವಿಂಗ್: ಹೊಸಬರ ಹಬ್ಬಕ್ಕೆ ಹೊಸ ಅತಿಥಿಗಳು

ಅಮೆರಿಕದಲ್ಲಿ ಹೊಸದಾಗಿ ಮನೆ ಹೂಡಿದ ಕನ್ನಡಿಗರಿಗೆ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಒಂದು ಪ್ರಶ್ನೆಯಾಗಿ ಎದುರಾಗುತ್ತದೆ. ಶಾಲೆ, ಕಚೇರಿಗಳಿಗೆ ರಜೆ; ನೆರೆಯವರಿಂದ ಊಟಕ್ಕೆ ಕರೆ. ಇದು ಯಾರ ಹಬ್ಬ? ನಾವು ಹೋಗಬಹುದೇ?

ಹಬ್ಬದ ಮೂಲದಲ್ಲಿರುವುದೂ ಹೊಸಬರ ಕಥೆಯೇ. 1620ರಲ್ಲಿ ‘ಮೇಫ್ಲವರ್’ ಹಡಗಿನಲ್ಲಿ ಬಂದು ಪ್ಲಿಮತ್‌ನಲ್ಲಿ ನೆಲೆಸಿದ ಇಂಗ್ಲಿಷ್ ವಲಸಿಗರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ಅಸುನೀಗಿದರು. ಉಳಿದವರಿಗೆ ಮುಸುಕಿನ ಜೋಳ ಬಿತ್ತುವ ಕ್ರಮ ಕಲಿಸಿದವನು ಮೂಲನಿವಾಸಿ ಟಿಸ್ಕ್ವಾಂಟಮ್. 1621ರ ಸುಗ್ಗಿಯ ನಂತರ ವಲಸಿಗರೂ ಸುಮಾರು 90 ವಾಂಪನೋಗ್ ಜನರೂ ಮೂರು ದಿನ ಜೊತೆಯಾಗಿ ಉಂಡರು. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ರಾಷ್ಟ್ರವ್ಯಾಪಿ ಕೃತಜ್ಞತಾ ದಿನ ಘೋಷಿಸಿದರು. ನಾಲ್ಕನೇ ಗುರುವಾರವನ್ನು ನಿಗದಿಪಡಿಸಿದ್ದು 1941ರ ಕಾಯ್ದೆ.

ಈ ಕಥೆಗೆ ಮತ್ತೊಂದು ಮುಖವಿದೆ. ಅಂದು ನೆರವಾದವರ ಸಂತತಿಯೇ ಮುಂದೆ ನೆಲವನ್ನೂ ಪ್ರಾಣವನ್ನೂ ಕಳೆದುಕೊಂಡಿತು. ಆದ್ದರಿಂದಲೇ 1970ರಿಂದ ಮೂಲನಿವಾಸಿಗಳ ಸಂಘಟನೆಯೊಂದು ಪ್ಲಿಮತ್‌ನಲ್ಲಿ ಇದೇ ದಿನವನ್ನು ಶೋಕದಿನವಾಗಿ ಆಚರಿಸುತ್ತಿದೆ. ಅತಿಥಿಗಳಾಗಿ ಹೋಗುವವರು ಇದನ್ನೂ ಅರಿತಿರುವುದು ಒಳಿತು.

ಊಟದ ಮುಖ್ಯ ಭಕ್ಷ್ಯ ಟರ್ಕಿ ಕೋಳಿ. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಸಂಕೋಚಕ್ಕೆಡೆಯಿಲ್ಲ. ಆಲೂಗಡ್ಡೆ, ಗೆಣಸು, ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜು ಇದ್ದೇ ಇರುತ್ತವೆ. ಆದರೆ ಗ್ರೇವಿಯಲ್ಲಿ ಮಾಂಸದ ರಸ, ಕುಂಬಳದ ಪೈನಲ್ಲಿ ಮೊಟ್ಟೆ ಇರುವುದು ಸಾಮಾನ್ಯ, ಕೇಳಿ ಬಡಿಸಿಕೊಳ್ಳಬೇಕು. ಬರಿಗೈಯಲ್ಲಿ ಹೋಗುವುದು ನಮ್ಮಲ್ಲೂ ವಾಡಿಕೆಯಲ್ಲ. ಸಿಹಿಗುಂಬಳದ ಪಲ್ಯ ಒಯ್ಯಬಹುದು. ಸಿಹಿಗುಂಬಳ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದಲೇ ನಮ್ಮ ಅಡುಗೆಮನೆಗೆ ಬಂದವು.